ಇಪ್ಪತ್ತು ಸಾವಿರ ಡಿವೈಸ್‌ಗಳನ್ನು ದೂರದಿಂದಲೇ ನಿಭಾಯಿಸುವುದು ಹೇಗೆ?

ಪ್ರಶ್ನೆ: ನಮ್ಮದು ಚಿಕ್ಕ ಕಂಪನಿ. ಬೇರೆ ಬೇರೆ ಜಾಗಗಳಲ್ಲಿ ಕೂರಿಸಿದ ಸುಮಾರು 400 ಗೇಟ್‌ವೇ ಡಿವೈಸ್‌ಗಳಿವೆ, ಅಂದರೆ ಸೆನ್ಸರ್‌ಗಳ ಮಾಪನಗಳನ್ನು ಒಟ್ಟುಮಾಡಿ ಸರ್ವರ್‌ಗೆ ಕಳಿಸುವ ಪುಟ್ಟ ಕಂಪ್ಯೂಟರ್‌ಗಳು. ಎಲ್ಲದರಲ್ಲೂ ಲಿನಕ್ಸ್, 4ಜಿ ಸಿಮ್. ಈಗ ಪ್ರತಿಯೊಂದಕ್ಕೂ ವಿಪಿಎನ್ (ಸರ್ವರ್‌ವರೆಗಿನ ಖಾಸಗಿ ಸುರಂಗ) ಹಾಕಿ, ಸರ್ವರ್‌ನಿಂದ ಎಸ್‌ಎಸ್‌ಎಚ್ (ದೂರದಿಂದ ಆಜ್ಞೆ ಟೈಪ್ ಮಾಡುವ ಸಾಧನ) ಮೂಲಕ ಒಂದೊಂದಕ್ಕೇ ಲಾಗಿನ್ ಆಗುವ ಸ್ಕ್ರಿಪ್ಟ್ ಓಡಿಸುತ್ತೇವೆ. ಪ್ರತಿ ಸಲವೂ ಮೂವತ್ತು ನಲವತ್ತು ಡಿವೈಸ್ ಸಿಗುವುದೇ ಇಲ್ಲ. ಇನ್ನೆರಡು ವರ್ಷದಲ್ಲಿ ಸಂಖ್ಯೆ 20,000 ಆಗಲಿದೆ. ವಿಪಿಎನ್ ಸರ್ವರ್ ದೊಡ್ಡದು ಮಾಡಿದರೆ ಸಾಕೇ, ಎಂಕ್ಯೂಟಿಟಿಗೆ (ಡಿವೈಸ್ ಮತ್ತು ಸರ್ವರ್ ನಡುವೆ ಸಣ್ಣ ಸಂದೇಶ ಸಾಗಿಸುವ ಶಿಷ್ಟಾಚಾರ) ಹೋಗಬೇಕೇ? ಫರ್ಮ್‌ವೇರ್ (ಡಿವೈಸ್‌ನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಕೆಟ್ಟರೆ ಜಾಗಕ್ಕೆ ಜನ ಕಳಿಸದೆ ಸರಿ ಮಾಡುವುದು ಹೇಗೆ? ರೆಡಿಮೇಡ್ ಕ್ಲೌಡ್ ಸೇವೆ ಕೊಳ್ಳುವುದೋ, ನಾವೇ ಕಟ್ಟುವುದೋ?

ಉತ್ತರ: ವಿಪಿಎನ್ ಸರ್ವರ್ ದೊಡ್ಡದು ಮಾಡಿ ಪ್ರಯೋಜನವಿಲ್ಲ. ನೀವು ಕರೆದ ಕ್ಷಣದಲ್ಲಿ ಡಿವೈಸ್ ಸಿಗಲೇಬೇಕು ಎಂಬ ನಂಬಿಕೆಯ ಮೇಲೆ ನಿಮ್ಮ ಈಗಿನ ವ್ಯವಸ್ಥೆ ನಿಂತಿದೆ, ತೊಂದರೆ ಇರುವುದು ಅಲ್ಲಿ. ಕರೆಂಟ್ ಹೋಗಿರುತ್ತದೆ, ಸಿಗ್ನಲ್ ಇರುವುದಿಲ್ಲ, ಡಿವೈಸ್ ಆಗ ತಾನೇ ರೀಬೂಟ್ ಆಗುತ್ತಿರುತ್ತದೆ. 400ರಲ್ಲಿ 40 ಸಿಗದಿದ್ದರೆ ಮಾರನೇ ದಿನ ಇನ್ನೊಮ್ಮೆ ಸ್ಕ್ರಿಪ್ಟ್ ಓಡಿಸಿ ಸುಧಾರಿಸಿಕೊಳ್ಳಬಹುದು. 20,000ಕ್ಕೆ ಅದೇ ಪ್ರಮಾಣದಲ್ಲಿ 2,000 ತಪ್ಪಿಹೋಗುತ್ತವೆ. ಯಾವುದಕ್ಕೆ ಆಜ್ಞೆ ತಲುಪಿತು, ಯಾವುದು ಅರ್ಧಕ್ಕೆ ನಿಂತಿತು, ಯಾವುದಕ್ಕೆ ಎರಡು ಸಲ ಹೋಯಿತು ಎಂಬ ಲೆಕ್ಕವೇ ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ಡಿವೈಸ್ ಆಗಾಗ ಕಾಣೆಯಾಗುತ್ತದೆ ಎಂಬುದನ್ನೇ ಸಹಜ ಸ್ಥಿತಿ ಎಂದಿಟ್ಟುಕೊಂಡು ವಿನ್ಯಾಸ ಶುರುಮಾಡಿ. ಮುಂದಿನ ಎಲ್ಲ ತೀರ್ಮಾನಗಳೂ ಅದರಿಂದಲೇ ಹುಟ್ಟುತ್ತವೆ.

ಮೊದಲನೆಯದು ಸಂಪರ್ಕದ ದಿಕ್ಕು. ಮೊಬೈಲ್ ಜಾಲದಲ್ಲಿರುವ ಡಿವೈಸ್‌ಗೆ ಸಾಮಾನ್ಯವಾಗಿ ಸ್ವಂತ ಪಬ್ಲಿಕ್ ಐಪಿ ವಿಳಾಸ ಇರುವುದಿಲ್ಲ. ಸೇವಾ ಕಂಪನಿಯ ನ್ಯಾಟ್ ಹಿಂದೆ ಸಾವಿರಾರು ಡಿವೈಸ್‌ಗಳು ಒಂದೇ ವಿಳಾಸ ಹಂಚಿಕೊಂಡಿರುತ್ತವೆ. ಹೊರಗಿನಿಂದ ಒಳಗೆ ಹೋಗುವ ದಾರಿಯೇ ಇಲ್ಲ, ಒಳಗಿನಿಂದ ಹೊರಗೆ ಬರುವ ದಾರಿ ಇದೆ. ಹಾಗಾಗಿ ಡಿವೈಸ್ ತಾನೇ ಬಂದು ಸರ್ವರ್‌ಗೆ ಟಿಎಲ್‌ಎಸ್ (ಗೂಢಲಿಪಿಯ) ಸಂಪರ್ಕ ತೆರೆಯಲಿ, ತೆರೆದದ್ದನ್ನು ಹಿಡಿದಿಟ್ಟುಕೊಳ್ಳಲಿ. ಡಿವೈಸ್‌ನಲ್ಲಿ ಹೊರಗಿನವರಿಗಾಗಿ ತೆರೆದ ಒಂದೇ ಒಂದು ಪೋರ್ಟ್ (ಸಂಪರ್ಕದ ಬಾಗಿಲು) ಕೂಡ ಇರಕೂಡದು. ಇದಕ್ಕೆ ಸುರಕ್ಷತೆಯ ಕಾರಣವೂ ಇದೆ. ಮನೆಯ ಬ್ರಾಡ್‌ಬ್ಯಾಂಡ್ ರೂಟರ್‌ಗಳನ್ನು ದೂರದಿಂದ ನಿರ್ವಹಿಸಲು 2004ರಲ್ಲಿ ಬಂದ ಟಿಆರ್-069 ಶಿಷ್ಟಾಚಾರದಲ್ಲಿ ರೂಟರ್ ತಾನೇ ಸರ್ವರ್‌ಗೆ ವರದಿ ಕೊಡುತ್ತದೆ, ಅಷ್ಟು ಸರಿಯಾಗಿದೆ. ಆದರೆ "ಈಗಲೇ ಬಾ" ಎಂದು ಸರ್ವರ್ ಕರೆಯುವುದಕ್ಕಾಗಿ ರೂಟರ್ ಒಂದು ಪೋರ್ಟ್ ತೆರೆದಿಟ್ಟಿರುತ್ತದೆ, ರೂಢಿಯಲ್ಲಿ 7547. 2016ರ ನವೆಂಬರ್‌ನಲ್ಲಿ ಮಿರಾಯ್ ಬಾಟ್‌ನೆಟ್‌ನ (ದಾಳಿಕೋರರು ವಶಪಡಿಸಿಕೊಂಡ ಡಿವೈಸ್‌ಗಳ ದಂಡು) ಒಂದು ರೂಪಾಂತರ ಇದೇ ಪೋರ್ಟನ್ನು ಹುಡುಕಿಕೊಂಡು ಬಂತು. ಜರ್ಮನಿಯಲ್ಲಿ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕಡಿದುಹೋಯಿತು.

ಎಂಕ್ಯೂಟಿಟಿ ಬೇಕೇ ಎಂದು ಕೇಳಿದ್ದೀರಿ. ನಿಮ್ಮ ಡಿವೈಸ್‌ಗಳು ಬ್ಯಾಟರಿಯ ಮೇಲಲ್ಲ, ಕರೆಂಟಿನ ಮೇಲೆ ನಡೆಯುತ್ತವೆ ಎಂದಿಟ್ಟುಕೊಂಡರೆ ನನ್ನ ಉತ್ತರ ಹೌದು. ಅದು ಹುಟ್ಟಿದ್ದೇ ಇಂಥ ಕೆಲಸಕ್ಕೆ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ತೈಲ ಪೈಪ್‌ಲೈನ್‌ಗಳನ್ನು ಉಪಗ್ರಹ ಸಂಪರ್ಕದ ಮೂಲಕ ಗಮನಿಸಲು ಇದನ್ನು ರೂಪಿಸಿದರು. ದುಬಾರಿ, ನಿಧಾನ, ಪದೇಪದೇ ಕಡಿಯುವ ಲಿಂಕ್ ಎಂಬುದೇ ಅದರ ಹುಟ್ಟಿನ ಸನ್ನಿವೇಶ. ಆದರೂ ಒಂದು ಮಾತು ಹೇಳಬೇಕು: ನೀವು ಮಾಡಿದ ಬದಲಾವಣೆ ಹದಿನೈದು ನಿಮಿಷ ತಡವಾಗಿ ತಲುಪಿದರೂ ನಡೆಯುತ್ತದೆ ಎಂದಾದರೆ ಬರೀ ಎಚ್‌ಟಿಟಿಪಿಎಸ್ ಸಾಕು. 20,000 ಡಿವೈಸ್‌ಗಳು ಹದಿನೈದು ನಿಮಿಷಕ್ಕೊಮ್ಮೆ ಬಂದು "ಏನಾದರೂ ಇದೆಯೇ" ಎಂದು ಕೇಳಿದರೆ ಸೆಕೆಂಡಿಗೆ ಇಪ್ಪತ್ತೆರಡು ಚಿಲ್ಲರೆ ವಿನಂತಿ ಅಷ್ಟೇ, ಸಾಧಾರಣ ಸರ್ವರ್ ಒಂದಕ್ಕೆ ಅದು ಲೆಕ್ಕಕ್ಕೇ ಇಲ್ಲ. ತಕ್ಷಣದ ಪ್ರತಿಕ್ರಿಯೆ ಬೇಕಾದವರಿಗೆ ಎಂಕ್ಯೂಟಿಟಿ. ಬ್ಯಾಟರಿ ಮೇಲೆ ನಡೆಯುವ ಪುಟ್ಟ ಸೆನ್ಸರ್‌ಗಳಿದ್ದಿದ್ದರೆ ಕೋಪ್ ಎಂಬ ಹಗುರ ಶಿಷ್ಟಾಚಾರದ ಮೇಲೆ ನಡೆಯುವ, ಡಿವೈಸ್ ನಿರ್ವಹಣೆಗೆಂದೇ ಇರುವ ಎಲ್‌ಡಬ್ಲ್ಯುಎಂ2ಎಂ ನೋಡಿ ಎನ್ನುತ್ತಿದ್ದೆ.

ಎಂಕ್ಯೂಟಿಟಿ ಹಾಕಿದ ಮೇಲೆ ಎರಡು ಅಂಕಿಗಳನ್ನು ಯೋಚಿಸಿ ಇಡಿ. ಒಂದು, ಕೀಪ್-ಅಲೈವ್ ಅವಧಿ, ಅಂದರೆ ಹೇಳಲು ಏನೂ ಇಲ್ಲದಿದ್ದರೂ ಡಿವೈಸ್ "ಇದ್ದೇನೆ" ಎಂದು ತಿಳಿಸಬೇಕಾದ ಅಂತರ. ಮಾತಿಲ್ಲದೆ ಕೂತ ಟಿಸಿಪಿ ಸಂಪರ್ಕವನ್ನು ನ್ಯಾಟ್ ಕನಿಷ್ಠ 2 ಗಂಟೆ 4 ನಿಮಿಷ ಉಳಿಸಬೇಕು ಎಂದು 2008ರ ಆರ್‌ಎಫ್‌ಸಿ 5382 ಎಂಬ ಇಂಟರ್ನೆಟ್ ಮಾರ್ಗಸೂಚಿ ಹೇಳುತ್ತದೆ. ಮೊಬೈಲ್ ಜಾಲಗಳು ಆ ಮಾತನ್ನು ಕೇಳುವುದಿಲ್ಲ, ಎಷ್ಟೋ ಕಡೆ ಕೆಲವೇ ನಿಮಿಷಕ್ಕೆ ಕಡಿದುಬಿಡುತ್ತವೆ, ಕಡಿದದ್ದನ್ನು ಎರಡೂ ಬದಿಗೆ ತಿಳಿಸುವುದೂ ಇಲ್ಲ. ಹಾಗಾಗಿ 60 ಸೆಕೆಂಡಿನಿಂದ ಶುರುಮಾಡಿ, ಸಿಮ್‌ನ ಡೇಟಾ ಖರ್ಚು ನೋಡಿಕೊಂಡು ಮೆಲ್ಲಗೆ ಏರಿಸಿ. ಕೀಪ್-ಅಲೈವ್‌ನ ಒಂದೂವರೆ ಪಟ್ಟು ಸಮಯ ಏನೂ ಬಾರದಿದ್ದರೆ ಬ್ರೋಕರ್ (ಎಂಕ್ಯೂಟಿಟಿ ಸಂದೇಶಗಳನ್ನು ಹಂಚುವ ಸರ್ವರ್) ಸಂಪರ್ಕ ಮುಚ್ಚಿ, ಡಿವೈಸ್ ಮೊದಲೇ ಕೊಟ್ಟಿದ್ದ "ವಿಲ್" ಸಂದೇಶವನ್ನು ಪ್ರಕಟಿಸುತ್ತದೆ. ಅಂದರೆ ನಿಮ್ಮ ಪರದೆಯ ಮೇಲೆ "ಆನ್‌ಲೈನ್" ಎಂದು ಹಸಿರು ಚುಕ್ಕೆ ಇದ್ದರೂ ಆ ಡಿವೈಸ್ ಸತ್ತು 90 ಸೆಕೆಂಡ್ ಆಗಿರಬಹುದು. ಅದನ್ನು ನೋಡಿ ತೀರ್ಮಾನ ತೆಗೆದುಕೊಳ್ಳುವವರಿಗೆ ಇದು ಗೊತ್ತಿರಲಿ.

ಇನ್ನೊಂದು, ಮರುಸಂಪರ್ಕದ ಅವಧಿ. ಬ್ರೋಕರ್ ಒಂದು ಸಲ ರೀಸ್ಟಾರ್ಟ್ ಆದರೆ 20,000 ಡಿವೈಸ್‌ಗಳೂ ಒಟ್ಟಿಗೇ ಬಾಗಿಲು ಬಡಿಯುತ್ತವೆ. ಎಲ್ಲವೂ ಐದು ಸೆಕೆಂಡಿನಲ್ಲಿ ಮರಳಿ ಬಂದರೆ ಸೆಕೆಂಡಿಗೆ 4,000 ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಸಂಪರ್ಕ ಶುರುವಾಗುವಾಗಿನ ಗುರುತು ವಿನಿಮಯ). ಸರ್ವರ್ ಮತ್ತೆ ಮಲಗುತ್ತದೆ, ಅವು ಮತ್ತೆ ಬರುತ್ತವೆ, ಈ ಸುತ್ತು ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಪ್ರತಿ ಡಿವೈಸ್ ತನಗೆ ತೋಚಿದ ಒಂದು ಯಾದೃಚ್ಛಿಕ ಸಮಯ ಕಾದು ಬರಲಿ, ವಿಫಲವಾದಾಗಲೆಲ್ಲ ಆ ಕಾಯುವಿಕೆ ದುಪ್ಪಟ್ಟಾಗಲಿ. ಹತ್ತು ನಿಮಿಷಕ್ಕೆ ಹರಡಿದರೆ ಅದೇ ಹೊರೆ ಸೆಕೆಂಡಿಗೆ 33ಕ್ಕೆ ಇಳಿಯುತ್ತದೆ. ಇದು ಡಿವೈಸ್‌ನ ಕೋಡ್‌ನಲ್ಲಿ ಇರಬೇಕಾದ ಸಂಗತಿ, ಜಾಗಕ್ಕೆ ಹೋದ ಮೇಲೆ ಸೇರಿಸುವುದು ಕಷ್ಟ. ಆದ್ದರಿಂದ ಈಗಲೇ ಬರೆಯಿರಿ.

ಈಗ ಇಡೀ ವಿನ್ಯಾಸದ ತಿರುಳಿಗೆ ಬರುತ್ತೇನೆ. ಡಿವೈಸ್‌ಗೆ ಆಜ್ಞೆ ಕಳಿಸುವುದನ್ನು ಆದಷ್ಟು ಬಿಡಿ. ಅದು ಹೇಗಿರಬೇಕು ಎಂದು ಸರ್ವರ್‌ನಲ್ಲಿ ಬರೆದಿಡಿ. ಪ್ರತಿ ಡಿವೈಸ್‌ಗೂ ಎರಡು ದಾಖಲೆ: ನಾವು ಬಯಸಿದ ಸ್ಥಿತಿ, ಡಿವೈಸ್ ವರದಿ ಮಾಡಿದ ಸ್ಥಿತಿ. ದೊಡ್ಡ ಕ್ಲೌಡ್ ಸೇವೆಗಳು ಇದನ್ನು ಶ್ಯಾಡೋ ಅಥವಾ ಟ್ವಿನ್ ಎನ್ನುತ್ತವೆ.

ಒಂದು ಡಿವೈಸ್ ತೆಗೆದುಕೊಂಡು ನೋಡೋಣ. ಬಯಸಿದ ಸ್ಥಿತಿಯ ಆವೃತ್ತಿ 40, ಅದರಲ್ಲಿ "ವರದಿ ಅವಧಿ 60 ಸೆಕೆಂಡ್" ಎಂದಿದೆ. ಡಿವೈಸ್‌ನ ವರದಿಯೂ "40, 60 ಸೆಕೆಂಡ್" ಎಂದೇ ಇದೆ, ಎರಡೂ ಕಡೆ ಒಪ್ಪಂದವಾಗಿದೆ. ನೀವು ಅವಧಿಯನ್ನು 300 ಮಾಡುತ್ತೀರಿ, ಬಯಸಿದ ಆವೃತ್ತಿ 41 ಆಗುತ್ತದೆ. ಡಿವೈಸ್ ಆಗ ಕಾಣೆಯಾಗಿದೆ, ಪರವಾಗಿಲ್ಲ. ಮಧ್ಯಾಹ್ನ ಮನಸ್ಸು ಬದಲಿಸಿ 120 ಮಾಡುತ್ತೀರಿ, ಆವೃತ್ತಿ 42. ಸಂಜೆ ಡಿವೈಸ್ ಬಂದು "ನನ್ನ ಬಳಿ 40 ಇದೆ" ಎನ್ನುತ್ತದೆ. ಸರ್ವರ್ 42 ಕೊಡುತ್ತದೆ. 41 ಎಂಬುದೊಂದು ಇತ್ತು ಎಂಬುದು ಡಿವೈಸ್‌ಗೆ ತಿಳಿಯುವ ಅಗತ್ಯವೇ ಇಲ್ಲ. ಅದು 120ನ್ನು ಅಳವಡಿಸಿಕೊಂಡು "42, 120 ಸೆಕೆಂಡ್" ಎಂದು ವರದಿ ಮಾಡುತ್ತದೆ. ನಡುವೆ ಸಂಪರ್ಕ ಕಡಿದು ಅದೇ 42 ಇನ್ನೊಮ್ಮೆ ಬಂದರೂ ಏನೂ ಕೆಡುವುದಿಲ್ಲ. ನಿಮ್ಮ ಸ್ಕ್ರಿಪ್ಟ್ ಇದೇ ಸಂದರ್ಭದಲ್ಲಿ ಏನು ಮಾಡುತ್ತಿತ್ತು ಎಂದು ಯೋಚಿಸಿ ನೋಡಿ.

ಡಿವೈಸ್ "ಬಂತು" ಎನ್ನುವುದು ಬೇರೆ, "ಅಳವಡಿಸಿಕೊಂಡೆ" ಎನ್ನುವುದು ಬೇರೆ. ವರದಿಯಲ್ಲಿ ಎರಡನೆಯದೇ ಇರಬೇಕು, ಅಳವಡಿಸಲು ಆಗದಿದ್ದರೆ ಕಾರಣವೂ ಇರಬೇಕು. ಇಲ್ಲದಿದ್ದರೆ ಎರಡು ದಾಖಲೆಗಳ ನಡುವಿನ ವ್ಯತ್ಯಾಸ ಯಾವತ್ತೂ ಮುಗಿಯದೆ ಉಳಿದ ಡಿವೈಸ್‌ಗಳು ಯಾಕೆ ಹಾಗಿವೆ ಎಂದು ತಿಳಿಯುವುದೇ ಇಲ್ಲ.

ಎಲ್ಲವನ್ನೂ ಸ್ಥಿತಿಯಾಗಿ ಬರೆಯಲಾಗದು, ನಿಜ. ರೀಬೂಟ್ ಮಾಡು, ಲಾಗ್ ಕಳಿಸು, ವಾಲ್ವ್ ತೆರೆ, ಇವೆಲ್ಲ ಒಂದು ಸಲದ ಕೆಲಸಗಳು. ಇವುಗಳಲ್ಲೇ ಅಪಾಯ ಇರುವುದು. ಎಂಕ್ಯೂಟಿಟಿಯ ಕ್ಯೂಒಎಸ್ 1 ಎಂಬ ಭರವಸೆಯ ಮಟ್ಟ "ಕನಿಷ್ಠ ಒಂದು ಸಲ" ತಲುಪಿಸುತ್ತೇನೆ ಎನ್ನುತ್ತದೆ, ಅಂದರೆ ಎರಡು ಸಲವೂ ತಲುಪಬಹುದು. ಇನ್ನೂ ಕೆಟ್ಟದ್ದು ತಡವಾಗಿ ತಲುಪುವುದು. ಸೋಮವಾರ ಬೆಳಗ್ಗೆ ಕಳಿಸಿದ "ವಾಲ್ವ್ ತೆರೆ" ಸಂದೇಶ ಸರದಿಯಲ್ಲಿ ಕಾದು, ಬುಧವಾರ ಡಿವೈಸ್ ಸಂಪರ್ಕಕ್ಕೆ ಬಂದ ಕೂಡಲೇ ಹೋಗಿ ತಲುಪುತ್ತದೆ. ಆ ಹೊತ್ತಿಗೆ ಅದೇ ಪೈಪನ್ನು ಬಿಚ್ಚಿಟ್ಟು ಯಾರೋ ದುರಸ್ತಿ ಮಾಡುತ್ತಿರಬಹುದು. ಆದ್ದರಿಂದ ಪ್ರತಿ ಆಜ್ಞೆಗೂ ಒಂದು ಗುರುತಿನ ಸಂಖ್ಯೆ, ಒಂದು ಕೊನೆಯ ಗಡುವು. ಅದೇ ಸಂಖ್ಯೆ ಮತ್ತೆ ಬಂದರೆ ಡಿವೈಸ್ ಮತ್ತೆ ಮಾಡಬಾರದು, ಹಳೆಯ ಫಲಿತಾಂಶವನ್ನೇ ಮರಳಿಸಬೇಕು. ಗಡುವು ಮೀರಿದ್ದರೆ ಎಸೆಯಬೇಕು, ಎಸೆದೆ ಎಂದು ತಿಳಿಸಬೇಕು. 2019ರಲ್ಲಿ ಬಂದ ಎಂಕ್ಯೂಟಿಟಿ 5ರಲ್ಲಿ ಸಂದೇಶಕ್ಕೆ ಅವಧಿ ಹಾಕುವ ಸೌಲಭ್ಯವಿದೆ. ಆದರೂ ಡಿವೈಸ್ ತಾನೂ ಪರೀಕ್ಷಿಸಲಿ. ಜೀವಕ್ಕೆ ಸಂಬಂಧಿಸಿದ ಕೆಲಸಗಳಲ್ಲಿ ಬ್ರೋಕರ್‌ನ ಭರವಸೆ ಒಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ.

ಸರ್ವರ್ ಬದಿಯ ಜೋಡಣೆಯನ್ನು ಚುಟುಕಾಗಿ ಹೇಳುತ್ತೇನೆ. ಸಂಪರ್ಕ ಹಿಡಿಯುವ ಪದರ ಬೇರೆ ಇರಲಿ, ಅದರಲ್ಲಿ ನಿರ್ಧಾರಗಳು ಬೇಡ, ಯಾವಾಗ ಬೇಕಾದರೂ ರೀಸ್ಟಾರ್ಟ್ ಮಾಡುವಂತಿರಲಿ. ಅದರ ಹಿಂದೆ ಡಿವೈಸ್‌ಗಳ ರಿಜಿಸ್ಟ್ರಿ, ಸ್ಥಿತಿಯ ದಾಖಲೆ, ಅಪ್‌ಡೇಟ್‌ಗಳ ವೇಳಾಪಟ್ಟಿ ನೋಡಿಕೊಳ್ಳುವ ಸೇವೆ. ಸೆನ್ಸರ್ ಮಾಪನಗಳ ಹರಿವು ಮತ್ತು ನಿರ್ವಹಣೆಯ ಹರಿವು ಬೇರೆ ಬೇರೆ ಸರದಿಗಳಲ್ಲಿ ಹೋಗಲಿ. ಯಾವುದೋ ದೋಷದಿಂದ ಡಿವೈಸ್‌ಗಳು ಮಾಪನಗಳನ್ನು ಸುರಿಯತೊಡಗಿದಾಗ ಅದನ್ನು ನಿಲ್ಲಿಸುವ ಸಂದೇಶ ಅದೇ ಪ್ರವಾಹದಲ್ಲಿ ಸಿಕ್ಕಿಕೊಳ್ಳಬಾರದು. ಫರ್ಮ್‌ವೇರ್ ಕಡತಗಳು ಎಂಕ್ಯೂಟಿಟಿಯಲ್ಲಿ ಹೋಗುವುದು ಬೇಡ. ಎಚ್‌ಟಿಟಿಪಿಎಸ್‌ನಲ್ಲಿ, ನಿಂತಲ್ಲಿಂದ ಮುಂದುವರಿಸುವಂತೆ ಹೋಗಲಿ. 20 ಎಂಬಿ ಕಡತ 20,000 ಡಿವೈಸ್‌ಗೆ ಎಂದರೆ 400 ಜಿಬಿ, ಸಿಮ್ ಬಿಲ್ ಕಟ್ಟುವವರನ್ನು ಮೊದಲೇ ಕೇಳಿ.

ನಿಮ್ಮ ನಿಜವಾದ ಆತಂಕ ಫರ್ಮ್‌ವೇರ್ ಅಪ್‌ಡೇಟ್, ಅದು ಆತಂಕಪಡಬೇಕಾದ ವಿಷಯವೇ. ಡಿವೈಸ್‌ನ ಸ್ಟೋರೇಜ್‌ನಲ್ಲಿ ಎ ಮತ್ತು ಬಿ ಎಂದು ಎರಡು ಜಾಗ ಮಾಡಿ. ಎ ನಡೆಯುತ್ತಿರುವಾಗ ಹೊಸದು ಬಿಗೆ ಇಳಿಯುತ್ತದೆ, ಡಿಜಿಟಲ್ ಸಹಿಯ ಪರೀಕ್ಷೆಯಾಗುತ್ತದೆ, ಬೂಟ್‌ಲೋಡರ್‌ಗೆ (ಡಿವೈಸ್ ಆನ್ ಆದಾಗ ಮೊದಲು ಏಳುವ ಪ್ರೋಗ್ರಾಂ) "ಮುಂದಿನ ಸಲ ಬಿ, ಮೂರು ಪ್ರಯತ್ನ" ಎಂದು ಬರೆದು ರೀಬೂಟ್. ಬಿ ಮೇಲೆದ್ದು "ನಾನು ಸರಿಯಿದ್ದೇನೆ" ಎಂದು ಗುರುತು ಹಾಕದಿದ್ದರೆ, ಅಥವಾ ಮಧ್ಯೆ ಸ್ತಬ್ಧವಾಗಿ ವಾಚ್‌ಡಾಗ್ (ಸ್ತಬ್ಧವಾದದ್ದನ್ನು ಗಮನಿಸುವ ಟೈಮರ್) ಅದನ್ನು ಮತ್ತೆ ಮತ್ತೆ ರೀಸೆಟ್ ಮಾಡಿದರೆ, ಲೆಕ್ಕ ಸೊನ್ನೆಗೆ ಬಂದು ಬೂಟ್‌ಲೋಡರ್ ಎಗೆ ಮರಳುತ್ತದೆ. ಇಲ್ಲಿಯವರೆಗೆ ಎಲ್ಲರೂ ಮಾಡುತ್ತಾರೆ. ಎಡವುವುದು "ಸರಿಯಿದ್ದೇನೆ" ಎಂಬ ಮಾತಿಗೆ ಏನು ಅರ್ಥ ಎಂಬಲ್ಲಿ. ಕರ್ನೆಲ್ ಮೇಲೆದ್ದಿತು, ಅಪ್ಲಿಕೇಶನ್ ಶುರುವಾಯಿತು, ಗುರುತು ಹಾಕಿಬಿಟ್ಟರು. ಆದರೆ ಹೊಸ ಆವೃತ್ತಿಯಲ್ಲಿ ಮೋಡೆಮ್ ಡ್ರೈವರ್ ಕೆಟ್ಟಿತ್ತು. ಈಗ ಆ ಡಿವೈಸ್ ಆರೋಗ್ಯವಾಗಿದೆ, ಖುಷಿಯಾಗಿ ನಡೆಯುತ್ತಿದೆ, ಮತ್ತು ನಿಮಗೆ ಇನ್ನೆಂದೂ ಸಿಗುವುದಿಲ್ಲ. ಹಾಗಾಗಿ ನಿಯಮ ಒಂದೇ: ಹೊಸ ಫರ್ಮ್‌ವೇರ್ ನಿರ್ವಹಣಾ ಸರ್ವರ್‌ಗೆ ಬಂದು, ತನ್ನ ಗುರುತು ಸಾಬೀತುಪಡಿಸಿ, ಮುಂದಿನ ಅಪ್‌ಡೇಟನ್ನು ಪಡೆಯಬಲ್ಲೆ ಎಂದು ತೋರಿಸಿದ ಮೇಲೇ ಖಾಯಂ ಆಗಬೇಕು.

ಕಾನ್ಫಿಗರೇಶನ್‌ಗೂ ಇದೇ ಮಾತು. ಎಪಿಎನ್ (ಸಿಮ್ ಡೇಟಾ ಜಾಲಕ್ಕೆ ಸೇರುವ ಸೆಟ್ಟಿಂಗ್) ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಡಿವೈಸ್ ಕಳೆದುಹೋಗುತ್ತದೆ. ಜ್ಯೂನಿಪರ್ ರೂಟರ್‌ಗಳ ಜುನೋಸ್‌ನಲ್ಲಿ "ಕಮಿಟ್ ಕನ್ಫರ್ಮ್ಡ್" ಎಂಬ ಆಜ್ಞೆಯಿದೆ: ಬದಲಾವಣೆ ಜಾರಿಯಾಗುತ್ತದೆ, ಹತ್ತು ನಿಮಿಷದೊಳಗೆ ನೀವು ಖಚಿತಪಡಿಸದಿದ್ದರೆ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಜಾಲಕ್ಕೆ ಸಂಬಂಧಿಸಿದ ಪ್ರತಿ ಬದಲಾವಣೆಗೂ ನಿಮ್ಮ ಡಿವೈಸ್ ಹೀಗೇ ನಡೆದುಕೊಳ್ಳಲಿ. ದುರಸ್ತಿಯ ದಾರಿ ದುರಸ್ತಿಯಾಗಬೇಕಾದ ವಸ್ತುವಿನ ಮೇಲೆಯೇ ನಿಂತಿದ್ದರೆ ಏನಾಗುತ್ತದೆ ಎಂಬುದು 2021ರ ಅಕ್ಟೋಬರ್ 4ರಂದು ಇಡೀ ಜಗತ್ತಿಗೆ ಕಂಡಿತು. ಫೇಸ್‌ಬುಕ್‌ನ ಬೆನ್ನೆಲುಬು ಜಾಲ ಒಂದು ನಿರ್ವಹಣಾ ಆಜ್ಞೆಯಿಂದ ಕಡಿದುಬಿತ್ತು, ಅದನ್ನು ಸರಿಪಡಿಸುವ ಒಳಗಿನ ಉಪಕರಣಗಳೂ ಅದರೊಂದಿಗೇ ಕೈಕೊಟ್ಟವು, ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರ್‌ಗಳಿಗೆ ಹೋಗಬೇಕಾಯಿತು.

ಎಲ್ಲಕ್ಕೂ ಒಂದೇ ದಿನ ಕಳಿಸುವ ಅಧಿಕಾರ ನಿಮ್ಮ ವ್ಯವಸ್ಥೆಯಲ್ಲಿ ಯಾರಿಗೂ ಇರಬಾರದು. ಮೊದಲು ನಿಮ್ಮ ಮೇಜಿನ ಮೇಲಿನ ಹತ್ತು, ಆಮೇಲೆ ನೂರಕ್ಕೆ ಒಂದು, ಆಮೇಲೆ ನೂರಕ್ಕೆ ಹತ್ತು, ಪ್ರತಿ ಹಂತದಲ್ಲೂ ಕನಿಷ್ಠ ಒಂದು ಪೂರ್ತಿ ದಿನ ಕಾಯುವುದು. ರಾತ್ರಿ ಹೊತ್ತಿನ ಕೆಲಸಗಳು, ಲಾಗ್ ತುಂಬುವುದು, ಮೆಮೊರಿ ಸೋರುವುದು ಇವೆಲ್ಲ ಒಂದು ಗಂಟೆಯಲ್ಲಿ ಕಾಣುವುದಿಲ್ಲ. ವಿಫಲವಾದವುಗಳ ಪ್ರಮಾಣ ನಿಗದಿತ ಮಿತಿ ದಾಟಿದರೆ ಮುಂದಿನ ಹಂತ ತಾನೇ ನಿಲ್ಲಬೇಕು, ಯಾರೋ ನೋಡಿ ನಿಲ್ಲಿಸಲಿ ಎಂದು ಬಿಡಬಾರದು. ಈ ಎಚ್ಚರ ಫರ್ಮ್‌ವೇರ್‌ಗೆ ಮಾತ್ರ ಸಾಕು ಎಂದುಕೊಳ್ಳುವವರಿಗೆ 2024ರ ಜುಲೈ 19 ನೆನಪಿರಲಿ. ಅವತ್ತು ಸುರಕ್ಷತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ್ದು ಹೊಸ ಪ್ರೋಗ್ರಾಂ ಅಲ್ಲ, ಒಂದು ಕಂಟೆಂಟ್ ಕಡತ. 78 ನಿಮಿಷದಲ್ಲೇ ಹಿಂತೆಗೆದುಕೊಂಡರು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದಿದ್ದವು, ಬಹಳಷ್ಟನ್ನು ಒಂದೊಂದಾಗಿ ಕೈಯಿಂದಲೇ ಎಬ್ಬಿಸಬೇಕಾಯಿತು. ಇನ್ನೊಂದು ಸಣ್ಣ ವಿಷಯ: ಅಪ್‌ಡೇಟ್‌ನ ಸಹಿ ಮಾಡಿದ ವಿವರಪಟ್ಟಿಯಲ್ಲಿ ಹಾರ್ಡ್‌ವೇರ್ ಮಾದರಿಯ ಹೆಸರಿರಲಿ, ತನ್ನದಲ್ಲದ್ದನ್ನು ಡಿವೈಸ್ ತಾನೇ ನಿರಾಕರಿಸಲಿ. 2017ರಲ್ಲಿ ಒಂದು ಮಾದರಿಯ ಫರ್ಮ್‌ವೇರ್ ಇನ್ನೊಂದು ಮಾದರಿಗೆ ಹೋಗಿ ನೂರಾರು ಸ್ಮಾರ್ಟ್ ಬೀಗಗಳು ಕೆಲಸ ನಿಲ್ಲಿಸಿದವು.

ಸುರಕ್ಷತೆ. ದೂರದಿಂದ ಎಲ್ಲವನ್ನೂ ನಿಯಂತ್ರಿಸುವ ವ್ಯವಸ್ಥೆ ಎಂದರೆ ದಾಳಿಕೋರರಿಗೂ ಒಂದೇ ಕಡೆ ಎಲ್ಲ ಕೀಲಿಗಳು ಸಿಗುವ ಜಾಗ. 2021ರ ಜುಲೈನಲ್ಲಿ ಕಸೇಯಾ ವಿಎಸ್‌ಎ ಎಂಬ ದೂರ ನಿರ್ವಹಣಾ ತಂತ್ರಾಂಶದ ದೋಷ ಬಳಸಿ ರೆವಿಲ್ ಎಂಬ ಸೈಬರ್ ಅಪರಾಧಿಗಳ ತಂಡ ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿಗೆ ರ‍್ಯಾನ್ಸಮ್‌ವೇರ್ ಹಂಚಿತು, ಹಂಚಿದ್ದು ಆ ಸಂಸ್ಥೆಗಳು ನಂಬಿದ್ದ ಅದೇ ನಿರ್ವಹಣೆಯ ದಾರಿಯಲ್ಲಿ. ಆದ್ದರಿಂದ ಫರ್ಮ್‌ವೇರ್‌ಗೆ ಸಹಿ ಮಾಡುವ ಖಾಸಗಿ ಕೀಲಿ ನಿರ್ವಹಣಾ ಸರ್ವರ್‌ನಲ್ಲಿ ಇರಲೇಬಾರದು. ಬೇರೆ ಕಡೆ, ಆಫ್‌ಲೈನ್‌ನಲ್ಲಿ, ಇಬ್ಬರ ಒಪ್ಪಿಗೆಯ ಮೇಲೆ ಬಳಸುವಂತಿರಲಿ. ಆಗ ಸರ್ವರ್ ಪೂರ್ತಿ ಶತ್ರುವಿನ ಕೈಗೆ ಹೋದರೂ ಅವನು ಅಪ್‌ಡೇಟ್‌ಗಳನ್ನು ತಡೆಯಬಲ್ಲ, ಕಾನ್ಫಿಗರೇಶನ್ ಕೆಡಿಸಬಲ್ಲ, ಆದರೆ ತನ್ನ ಕೋಡನ್ನು ಡಿವೈಸ್‌ಗೆ ತುರುಕಲಾರ. ಆ ಅಂತರ ಬಹಳ ದೊಡ್ಡದು.

ಪ್ರತಿ ಡಿವೈಸ್‌ಗೂ ಅದರದೇ ಕೀಲಿ ಮತ್ತು ಪ್ರಮಾಣಪತ್ರ (ಗುರುತಿನ ಡಿಜಿಟಲ್ ದಾಖಲೆ) ಬೇಕು. ಕೀಲಿ ಡಿವೈಸ್‌ನೊಳಗೇ ಹುಟ್ಟಲಿ, ಹೊರಗೆ ಬರದಿರಲಿ. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟರೆ ಒಂದು ಡಿವೈಸ್ ಕದ್ದು ಬಿಚ್ಚಿದವನಿಗೆ 20,000 ಸಿಕ್ಕಂತೆ. ಮೂಲ ಮಿರಾಯ್ ಅರವತ್ತರಷ್ಟು ಡೀಫಾಲ್ಟ್ ಹೆಸರು-ಪಾಸ್‌ವರ್ಡ್ ಜೋಡಿಗಳಿಂದಲೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ಹಿಡಿದಿತ್ತು. ಬ್ರೋಕರ್‌ನಲ್ಲಿ ಪ್ರತಿ ಡಿವೈಸ್ ತನ್ನ ಹೆಸರಿನ ಟಾಪಿಕ್‌ಗಳನ್ನು (ಸಂದೇಶದ ವಿಭಾಗಗಳು) ಮಾತ್ರ ಮುಟ್ಟುವಂತೆ ಕಟ್ಟಿಹಾಕಿ.

ಪ್ರಮಾಣಪತ್ರ ಎಂದಾಗ ಗಡಿಯಾರದ ಮಾತು ಬರಲೇಬೇಕು. ನಿಮ್ಮ ಗೇಟ್‌ವೇಯಲ್ಲಿ ಬ್ಯಾಟರಿ ಇರುವ ಆರ್‌ಟಿಸಿ (ಕರೆಂಟ್ ಹೋದರೂ ನಡೆಯುವ ಗಡಿಯಾರ) ಇಲ್ಲದಿದ್ದರೆ ಕರೆಂಟ್ ಬಂದಾಗ ಅದು 1970ರ ಜನವರಿ 1ರಲ್ಲಿ ಎದ್ದು ಕೂರಬಹುದು. ಆ ದಿನಾಂಕದಲ್ಲಿ ನಿಮ್ಮ ಸರ್ವರ್‌ನ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ, ಟಿಎಲ್‌ಎಸ್ ನಿರಾಕರಿಸುತ್ತದೆ. ಕೊನೆಯ ಸರಿಯಾದ ಸಮಯವನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಅಲ್ಲಿಂದ ಶುರುಮಾಡಿ, ಎನ್‌ಟಿಪಿ (ಜಾಲದಿಂದ ಸಮಯ ಪಡೆಯುವ ಸೇವೆ) ಸಿಕ್ಕ ಮೇಲೆ ತಿದ್ದಿಕೊಳ್ಳಲಿ. ಉಳಿದವನ್ನು ನಂಬಲು ಆಧಾರವಾದ ಮೂಲ ಪ್ರಮಾಣಪತ್ರಗಳೂ ಮುದಿಯಾಗುತ್ತವೆ. 2021ರ ಸೆಪ್ಟೆಂಬರ್ 30ರಂದು ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಹೊಸದನ್ನು ಪಡೆದಿರದ ಹಳೆಯ ಡಿವೈಸ್‌ಗಳು ಸರ್ವರ್‌ಗಳನ್ನು ನಂಬುವುದನ್ನೇ ನಿಲ್ಲಿಸಿದವು. ನಿರ್ವಹಣಾ ಸಂಪರ್ಕಕ್ಕೆ ನಿಮ್ಮದೇ ಮೂಲ ಪ್ರಮಾಣಪತ್ರ ಇರಲಿ, ಡಿವೈಸ್‌ನಲ್ಲಿ ಒಂದರ ಬದಲು ಎರಡು ಇರಲಿ. ಎರಡು ವರ್ಷ ಗೋದಾಮಿನಲ್ಲಿ ಮಲಗಿ ಎದ್ದ ಡಿವೈಸ್ ಕೂಡ ಮನೆಗೆ ದಾರಿ ಕಂಡುಕೊಳ್ಳಬೇಕು.

ಕೊಳ್ಳುವುದೋ ಕಟ್ಟುವುದೋ? ಬ್ರೋಕರ್, ಬೂಟ್‌ಲೋಡರ್, ಎ-ಬಿ ಅಪ್‌ಡೇಟರ್, ಕ್ರಿಪ್ಟೊ ಇವನ್ನು ನೀವು ಬರೆಯಬೇಡಿ. ಮಸ್ಕೀಟೊ, ರಾಕ್, ಎಸ್‌ಡಬ್ಲ್ಯುಅಪ್‌ಡೇಟ್, ಮೆಂಡರ್ ಹೀಗೆ ವರ್ಷಗಟ್ಟಲೆ ಪಳಗಿದ ಮುಕ್ತ ತಂತ್ರಾಂಶಗಳಿವೆ. ಕ್ಲೌಡ್ ಸೇವೆ ಕೊಂಡರೂ ತಪ್ಪಿಲ್ಲ, 20,000ಕ್ಕೆ ಅದೇ ಸುಲಭವಾದೀತು. ಆದರೆ ಡಿವೈಸ್‌ನೊಳಗೆ ಬರೆಯುವ ಸರ್ವರ್ ವಿಳಾಸ ನಿಮ್ಮ ಸ್ವಂತ ಡೊಮೈನ್‌ನದೇ ಆಗಿರಬೇಕು, ಪ್ರಮಾಣಪತ್ರಗಳ ಮೂಲ ನಿಮ್ಮ ಕೈಯಲ್ಲಿರಬೇಕು. ಗೂಗಲ್ ತನ್ನ ಐಒಟಿ ಕೋರ್ ಸೇವೆಯನ್ನು ಒಂದು ವರ್ಷದ ಮುನ್ಸೂಚನೆ ಕೊಟ್ಟು 2023ರ ಆಗಸ್ಟ್ 16ರಂದು ಮುಚ್ಚಿತು. ಆ ವಿಳಾಸವನ್ನೇ ಫರ್ಮ್‌ವೇರ್‌ನಲ್ಲಿ ಬರೆದಿದ್ದವರು ಅಷ್ಟರೊಳಗೆ ಒಂದೊಂದು ಡಿವೈಸನ್ನೂ ತಲುಪಿ ಬದಲಿಸಬೇಕಿತ್ತು.

ಈಗಿನ 400ಕ್ಕೆ ಏನು ಮಾಡುವುದು? ವಿಪಿಎನ್ ಇನ್ನೂ ಜೀವಂತವಾಗಿರುವುದು ನಿಮ್ಮ ಅದೃಷ್ಟ, ಅದನ್ನೇ ಬಳಸಿ. ಮೊದಲು ಎಸ್‌ಎಸ್‌ಎಚ್ ಮೂಲಕ ಒಂದು ಪುಟ್ಟ ಏಜೆಂಟ್ ಪ್ರೋಗ್ರಾಂ ಹಾಕಿ. ಅದು ಕೀಲಿ ಸೃಷ್ಟಿಸಿ, ಹೊಸ ಸರ್ವರ್‌ಗೆ ಬಂದು, ಬರೀ ವರದಿ ಕೊಡಲಿ: ಆವೃತ್ತಿ, ಎಷ್ಟು ಸಲ ರೀಬೂಟ್ ಆಯಿತು, ಡಿಸ್ಕ್‌ನಲ್ಲಿ ಉಳಿದ ಜಾಗ, ಪ್ರಮಾಣಪತ್ರ ಮುಗಿಯುವ ದಿನ. ಯಾವ ನಿಯಂತ್ರಣವೂ ಬೇಡ. ಸ್ಕ್ರಿಪ್ಟ್‌ಗೆ ಸಿಗದ ಆ ನಲವತ್ತು ನಿಜವಾಗಿ ಏನಾಗಿವೆ ಎಂದು ಆಗ ಗೊತ್ತಾಗುತ್ತದೆ. ಬಹುಪಾಲು ದಿನಕ್ಕೆ ಒಂದೆರಡು ಗಂಟೆ ಬಂದು ಹೋಗುತ್ತಿರುತ್ತವೆ ಎಂಬುದು ನನ್ನ ಊಹೆ. ಆಮೇಲೆ ಸ್ಥಿತಿಯ ದಾಖಲೆ ಸೇರಿಸಿ, ಒಂದೊಂದೇ ಸೆಟ್ಟಿಂಗನ್ನು ಸ್ಕ್ರಿಪ್ಟ್‌ನಿಂದ ಅಲ್ಲಿಗೆ ಸಾಗಿಸಿ. ಎ-ಬಿ ವಿಭಜನೆಯನ್ನು ನಡೆಯುತ್ತಿರುವ ಡಿವೈಸ್‌ನ ಡಿಸ್ಕ್ ಮೇಲೆ ದೂರದಿಂದ ಮಾಡಲು ಹೋಗಬೇಡಿ. ಹೊಸದಾಗಿ ಕಾರ್ಖಾನೆಯಿಂದ ಬರುವವುಗಳಿಗೆ ಅದು ಕಡ್ಡಾಯವಾಗಲಿ, ಹಳೆಯವುಗಳಿಗೆ ಬೇರೆ ಕಾರಣಕ್ಕೆ ಯಾರಾದರೂ ಜಾಗಕ್ಕೆ ಹೋದಾಗ ಆಗಲಿ.

ಎಸ್‌ಎಸ್‌ಎಚ್ ಪೂರ್ತಿ ಬಿಡಲಾಗದು, ವಿಚಿತ್ರ ದೋಷ ಹುಡುಕುವಾಗ ಶೆಲ್ ಬೇಕೇ ಬೇಕು. ಅದನ್ನು ಒಂದು ಆಜ್ಞೆಯಾಗಿ ಮಾಡಿ: ಕೇಳಿದಾಗ ಡಿವೈಸ್ ತಾನೇ ಹೊರಮುಖವಾಗಿ ಒಂದು ಸುರಂಗ ತೆರೆಯಲಿ, ಮೂವತ್ತು ನಿಮಿಷಕ್ಕೆ ಅದು ತಾನೇ ಮುಚ್ಚಲಿ, ಯಾರು ತೆರೆದರು, ಏನು ಟೈಪ್ ಮಾಡಿದರು ಎಂಬುದು ಅಳಿಸಲಾಗದ ಲಾಗ್‌ನಲ್ಲಿ ಉಳಿಯಲಿ. 400ಕ್ಕೆ 400 ಡಿವೈಸ್‌ಗಳೂ ಹೊಸ ದಾರಿಯಲ್ಲಿ ಕನಿಷ್ಠ ಒಂದು ಫರ್ಮ್‌ವೇರ್ ಅಥವಾ ಏಜೆಂಟ್ ಅಪ್‌ಡೇಟ್ ಪಡೆದು ವರದಿ ಮಾಡಿದ ಮೇಲೆ ಹಳೆಯ ವಿಪಿಎನ್ ಕೀಲಿಗಳನ್ನು ರದ್ದುಮಾಡಿ, ಆ ಸರ್ವರನ್ನು ಆಫ್ ಮಾಡಿ.